ಜಗಳವಾಡದ ಹೆಂಡತಿ

"ಚೆನ್ನಾಗಿದ್ದೀಯಾ?"

ತಲೆ ಎತ್ತಿದಳು. ಅವನೇ!

ಎರಡು ತಿಂಗಳ ಮೇಲೆ ಗಂಡನ ಮುಖ ನೋಡುತ್ತಿದ್ದಳು, ಅದೂ ಆಪ್ತ ಸಮಾಲೋಚಕಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು. ಗಡ್ಡ ಬೆಳೆದಿತ್ತು. ಲಿಫ್ಟ್ ರಿಪೇರಿಯ ಗ್ರೀಸು ಉಗುರಿನ ಸಂದಿಯಲ್ಲಿ ಹಾಗೇ ಇತ್ತು.

"ಹ್ಞೂಂ... ನೀವು?"

"ಇದೀನಿ."

ಅಷ್ಟೇ. ಒಂದೇ ತಟ್ಟೆಯಲ್ಲಿ ಉಂಡವರಿಗೆ ಅಷ್ಟಕ್ಕೇ ಮಾತು ಮುಗಿದುಹೋಯಿತು ನೋಡಿ!

ಅಕ್ಕ ಬೆಳಿಗ್ಗೆ ಹೇಳಿಯೇ ಕಳಿಸಿದ್ದಳು. "ಇದೊಂದು ಬಾಗಿಲು ತಟ್ಟಿ ನೋಡು ಕಣೇ. ಇಲ್ಲೂ ಬಗೆಹರೀದಿದ್ರೆ ನಾಳೆನೇ ವಕೀಲರ ಹತ್ರ ಹೋಗೋಣ." ಬೇಡವೆನ್ನಲೂ ಅವಳಿಗೆ ತ್ರಾಣವಿರಲಿಲ್ಲ.

ಒಳಗೆ, ತಲೆ ನರೆತ ಮೇಡಂ ಇಬ್ಬರಿಗೂ ನೀರು ಕೊಟ್ಟು, "ಯಾರು ಶುರು ಮಾಡ್ತೀರಾ?" ಎಂದರು.

"ನಮ್ಮಿಬ್ಬರ ಮಧ್ಯೆ ಜಗಳಾನೇ ಇಲ್ಲ ಮೇಡಂ," ಅಂದ ಅವನು. "ಅದೇ ತೊಂದರೆ."

ಮೇಡಂ ಹುಬ್ಬೇರಿಸಿದರು.

"ನಾನು ಕೂಗಾಡಿದ್ರೆ, 'ನಿಮ್ಮ ಬೇಜಾರು ನಂಗೆ ಅರ್ಥ ಆಗುತ್ತೆ' ಅಂತಾಳೆ. ತಡವಾಗಿ ಬಂದ್ರೆ, 'ಪರವಾಗಿಲ್ಲ.' ಅವಳ ಹುಟ್ಟುಹಬ್ಬ ಮರೆತೆ, ಅದಕ್ಕೂ 'ಪರವಾಗಿಲ್ಲ'! ನಾನು ಗಂಡನೋ, ದೂರು ಹೇಳೋಕೆ ಬಂದ ಗಿರಾಕಿನೋ?"

ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅವಳು ವಾಷಿಂಗ್ ಮೆಷಿನ್ ಕಂಪನಿಯ ದೂರು ವಿಭಾಗದಲ್ಲಿ ಫೋನು ಎತ್ತುವವಳು. ದಿನವಿಡೀ ಕಿವಿ ತುಂಬ ಬೈಗುಳ. ಎಂಥ ಉರಿಯುವವರನ್ನೂ ಎರಡು ಮಾತಿನಲ್ಲಿ ಆರಿಸುತ್ತಾಳೆಂದು ಕಚೇರಿಯಲ್ಲಿ ಅವಳಿಗೆ ತಣ್ಣೀರು ಎಂದೇ ಹೆಸರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದವರು ಈ ಸಂಸಾರ ನೋಡಿರಲಿಲ್ಲ, ಬಿಡಿ.

"ಸಿಟ್ಟು ಮಾಡ್ಕೊಳ್ಳೋಕೂ ಶಕ್ತಿ ಬೇಕಲ್ಲ ಮೇಡಂ..." ಅವಳ ದನಿ ಈಗಲೂ ಮೆತ್ತಗೇ ಇತ್ತು. "ಸಾಯಂಕಾಲದ ಹೊತ್ತಿಗೆ ಸೋತು ಸುಣ್ಣ ಆಗಿರ್ತೀನಿ. ಆ ದನಿ ಬಿಟ್ರೆ ಬೇರೆ ದನಿ ನನ್ನ ಹತ್ರ ಉಳಿದಿರಲ್ಲ."

"ಸುಳ್ಳು! ನಿಂಗೆ ನನ್ನ ಮೇಲೆ ಮನಸ್ಸೇ ಇಲ್ಲ." ಅವನು ಮೇಡಂ ಕಡೆ ತಿರುಗಿದ. "ಮೇಡಂ, ಇವಳು ಏನೂ ಹೇಳದೆ ಅಕ್ಕನ ಮನೆಗೆ ಹೋದ್ಮೇಲೆ ಮೊಬೈಲಿಗೆ ಫೋನ್ ಮಾಡೋಕೆ ಧೈರ್ಯ ಸಾಲಲಿಲ್ಲ. ಎತ್ತದೇ ಹೋದ್ರೆ? ಆಫೀಸಿನ ಫೋನಾದ್ರೆ ಎತ್ತಲೇಬೇಕಲ್ಲ! ಬೇರೆಯವರು ಎತ್ತಿದ್ರೆ ಇಟ್ಟುಬಿಡೋದು, ಮತ್ತೆ ಮಾಡೋದು... ಕೊನೆಗೆ ಇವಳೇ ಎತ್ತಿದ್ಲು. ನಂಗೆ ಬಾಯೇ ಬರಲಿಲ್ಲ. 'ಮೆಷಿನ್ ತಿರುಗ್ತಿಲ್ಲ' ಅಂದುಬಿಟ್ಟೆ. ಇವಳು ಆರಾಮಾಗಿ ದೂರು ಬರ್ಕೊಂಡ್ಲು! ಕಟ್ಟಿಕೊಂಡ ಗಂಡನ ದನೀನೇ ಗೊತ್ತಾಗಲಿಲ್ಲ ಇವಳಿಗೆ!"

ಅಯ್ಯೋ... ಇದನ್ನೇ ಎದೆಯಲ್ಲಿಟ್ಟುಕೊಂಡು ಕೊರಗಿದ್ದಾನಾ ಈ ಮನುಷ್ಯ!

"ಗೊತ್ತಾಯ್ತು," ಎಂದಳು.

"ಏನು?"

"ನೀವು 'ಹಲೋ' ಅನ್ನೋಕೆ ಮುಂಚೆ ಗಂಟಲು ಸರಿ ಮಾಡ್ಕೊಂಡ್ರಲ್ಲ, ಆಗ್ಲೇ ಗೊತ್ತಾಯ್ತು. ಆದ್ರೆ ಅಲ್ಲಿ ಎಲ್ಲ ಮಾತೂ ರೆಕಾರ್ಡ್ ಆಗುತ್ತೆ ರೀ. ಸೂಪರ್‌ವೈಸರ್ ಬೇರೆ ಹಿಂದೆನೇ ನಿಂತಿದ್ರು. ಅತ್ತುಬಿಟ್ರೆ ಕೆಲಸ ಹೋಗುತ್ತೆ. ಅದಕ್ಕೇ... ನೀವು ಫೋನ್ ಇಡಬಾರದು ಅಂತ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದೆ. ಮನೇಲಿ ಬಟ್ಟೆ ಯಾರು ಒಗೀತಿದಾರೆ, ಹೊತ್ತಿಗೆ ಸರಿಯಾಗಿ ಊಟ ಆಗ್ತಿದೆಯಾ... ಯಾವ ಕಂಪನಿ ರೀ ಗಿರಾಕಿಗೆ ಊಟದ ವಿಷಯ ಕೇಳುತ್ತೆ?"

ಅವನು ಬಾಯಿ ಬಿಟ್ಟುಕೊಂಡು ಕೂತ. "ಅದು... ಮಾಮೂಲಿ ಪ್ರಶ್ನೆ ಅಂದ್ಕೊಂಡೆ."

"ಮೆಷಿನ್ ಯಾವ ಬಣ್ಣ ಅಂದ್ರೆ ಬಿಳಿ ಅಂದ್ರಿ! ನಮ್ಮನೇಲಿ ಮೆಷಿನ್ ಎಲ್ಲಿದೆ ರೀ?"

ಮೇಡಂಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಮಾತ್ರ ನಗು ಬರಲಿಲ್ಲ. ಕುರ್ಚಿಯಿಂದ ಎದ್ದು ನಿಂತಳು.

"'ಬಾ' ಅಂತ ಒಂದು ಮಾತು ಬರಲಿಲ್ಲ ನಿಮ್ಮ ಬಾಯಿಂದ! ಕಾದೆ ರೀ ನಾನು! ಇಡೀ ದಿನ ಕಂಡಕಂಡವರ ಸಿಟ್ಟು ನುಂಗಿ, ಮನೆಗೆ ಬಂದು ನಿಮ್ಮದನ್ನೂ ನುಂಗ್ತಿದ್ದೆ. ನನಗೇನು ಸಿಟ್ಟು ಬರಲ್ವಾ? ಹುಟ್ಟುಹಬ್ಬ ಮರೆತ್ರಲ್ಲ, ಅವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದೀನಿ! 'ಪರವಾಗಿಲ್ಲ' ಅಂದಿದ್ದೆಲ್ಲ ಸುಳ್ಳು! ಪರವಾಗಿದೆ! ತುಂಬಾ ಪರವಾಗಿದೆ!"

ಹೊರಗೆ ಕಾಯುತ್ತಿದ್ದವರು ಬಾಗಿಲ ಕಡೆ ತಿರುಗಿ ನೋಡುವಷ್ಟು ಜೋರಾಗಿತ್ತು. ಕೂಗಿದವಳಿಗೇ ಗಾಬರಿ.

ಅವನ ಕಣ್ಣಲ್ಲಿ ನೀರಾಡಿತು. "ತಪ್ಪಾಯ್ತು," ಎಂದ. "ನೀನು ಅತ್ತಿದ್ದು ನಂಗೆ ಗೊತ್ತೇ ಇಲ್ಲ..."

"ಒಂದೇ ದಿನಕ್ಕೆ ಎಲ್ಲ ಸರಿಹೋಗಲ್ಲಮ್ಮ," ಮೇಡಂ ಮೆಲ್ಲಗೆ ಹೇಳಿದರು. "ಮುಂದಿನ ವಾರ ಮತ್ತೆ ಬನ್ನಿ. ಇಬ್ಬರೂ."

ಕೆಳಗಿಳಿಯುವಾಗ ಅವಳು ಅರ್ಧದಲ್ಲೇ ನಿಂತಳು. ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನೂ ಪಕ್ಕದಲ್ಲಿ ಕೂತ.

"ಮನೆಗೆ ಬಾ," ಎಂದ.

ಅವಳು ಅವನ ಗ್ರೀಸು ಮೆತ್ತಿದ ಉಗುರು ನೋಡಿದಳು.

"ಇನ್ಮೇಲೆ ನಾನು ಸುಮ್ನೆ ಇರಲ್ಲ. ಜಗಳ ಆಡ್ತೀನಿ."

"ಆಡು."

"ಕೆಲವು ದಿನ ಕೆಲಸದಿಂದ ಬಂದು ಮಾತೇ ಆಡದೆ ಬಿದ್ಕೊಂಡಿರ್ತೀನಿ."

"ಪಕ್ಕದಲ್ಲಿ ನಾನೂ ಬಿದ್ಕೊಂಡಿರ್ತೀನಿ. ಏನೂ ಕೇಳಲ್ಲ."

ಅವಳ ತಲೆ ತಾನಾಗಿಯೇ ಅವನ ಭುಜಕ್ಕೆ ವಾಲಿತು. ಕಣ್ಣು ಎಳೆಯುತ್ತಿತ್ತು.

"ಇನ್ನೂ ತುಂಬಾ ಬೈಯೋದಿದೆ ರೀ ನಿಮಗೆ... ಆದ್ರೆ ಇವತ್ತು ಆಗಲ್ಲ..."

"ನಾಳೆ ಬೈಯಿ," ಅವನು ಅವಳ ಕೈ ಹಿಡಿದುಕೊಂಡ. "ನಂಗೆ ರಜೆ ಇದೆ."