ಕೆಂಗೇರಿ ಆಲದಿಂದ ಇಳಿದ ಬೇತಾಳ

೧೯೫೬ರ ಮಾರ್ಚ್ ೧೧, ಭಾನುವಾರ, ಸಂಜೆ ನಾಲ್ಕೂ ಇಪ್ಪತ್ತು. ಕೆಂಗೇರಿ ಕೆರೆ ಏರಿಯ ಆಲದ ಮರದಡಿ ನಾನು ಕ್ಯಾಮೆರಾ ಹೂಡಿ ನಿಂತಿದ್ದೆ. ಸೈನಿಕನೊಬ್ಬ ಬೇತಾಳನೊಡನೆ ಕತ್ತಿಕಾಳಗ ಮಾಡುವ ಚಿತ್ರ ನಮ್ಮದು. ಬೇತಾಳನ ವೇಷ ಹಾಕಿದ್ದ ಗರಡಿಯ ಅಂಜಿನಯ್ಯನನ್ನು ಸೊಂಟಕ್ಕೆ ಹಗ್ಗ ಕಟ್ಟಿ ಕೊಂಬೆಯ ಎತ್ತರಕ್ಕೆ ಎಳೆದು ತೂಗುಬಿಟ್ಟಿದ್ದೆವು. ಹೊಸ ಹಗ್ಗ ಕೊಳ್ಳಲಾಗದೆ ಬಾವಿಯ ಹಗ್ಗವನ್ನೇ ತಂದಿದ್ದೆವು.

"ಮುನಿಯಣ್ಣ, ಹಗ್ಗ ಸವೆದೈತೆ. ನಮ್ಮೆಜಮಾನ್ರು ಬಿದ್ರೆ ಬದುಕ್ತಾರಾ?" ಎಂದು ಅಂಜಿನಯ್ಯನ ಹೆಂಡತಿ ಪಾಪಮ್ಮ ನಮ್ಮ ನಿರ್ದೇಶಕನನ್ನು ಕೇಳಿದಳು.

"ಬೇತಾಳ ಮರದಿಂದ ಬಿದ್ದ ಅಂದ್ರೆ ಯಾರಮ್ಮ ನಂಬ್ತಾರೆ?" ಎಂದು ಮುನಿಯಣ್ಣ ನಕ್ಕ.

ನಾನು ಕ್ಯಾಮೆರಾ ಓಡಿಸುತ್ತಿದ್ದಾಗಲೇ ಹಗ್ಗ ಹರಿಯಿತು. ಕೊಂಬೆಯ ಮೇಲಿದ್ದ ತುಂಡು ದೊಪ್ಪನೆ ನೆಲಕ್ಕೆ ಬಿತ್ತು. ಅಂಜಿನಯ್ಯ ಬೀಳಲಿಲ್ಲ. ಮರದಲ್ಲಿ ಗಲಾಟೆ ಮಾಡುತ್ತಿದ್ದ ಗೊರವಂಕಗಳು ಒಮ್ಮೆಲೇ ಸುಮ್ಮನಾದವು. ಆ ಬಿಸಿಲಿನಲ್ಲೂ ಕ್ಯಾಮೆರಾದ ಹಿಡಿ ನನ್ನ ಕೈಯಲ್ಲಿ ತಣ್ಣಗಾಯಿತು. ಗಾಳಿ ಬೀಸುತ್ತಿದ್ದರೂ ಅವನ ಕರಿಯ ನಿಲುವಂಗಿ ಅಲುಗಲಿಲ್ಲ. ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಅವನು ಕೆಳಗೆ ಬಂದ. ಪಾದ ಊರಿದಾಗ ಧೂಳು ಸಹ ಏಳಲಿಲ್ಲ.

"ನನ್ನ ಹಿಡ್ಕೊಂಡಿದ್ದು ಯಾರ್ರೀ?" ಎಂದು ಕೇಳಿದ.

ಪಾಪಮ್ಮ ಮರದ ಕಡೆ ತಿರುಗಿ ಕೈ ಮುಗಿದಳು. ನಾನೂ ಮುಗಿದೆ.

ಆ ಚಿತ್ರ ಪೂರ್ತಿಯಾಗಲಿಲ್ಲ, ಆದರೆ ಆ ರೀಲು ನನ್ನಲ್ಲಿದೆ. ಭೌತಶಾಸ್ತ್ರ ಓದಿದ ನಾನು ನನ್ನ ಕಣ್ಣನ್ನೇ ನಂಬಲಾಗದೆ ಫ್ರೇಮುಗಳನ್ನು ಎಣಿಸಿದೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮಿನ ಲೆಕ್ಕದಲ್ಲಿ, ಹಗ್ಗದ ತುಂಡು ನೆಲ ಮುಟ್ಟಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿದಿತ್ತು. ಅದೇ ಎತ್ತರದಿಂದ ಇಳಿಯಲು ಅಂಜಿನಯ್ಯನಿಗೆ ಹಿಡಿದದ್ದು ಹನ್ನೊಂದು ಸೆಕೆಂಡು.