ನನ್ನ ಕೋಟಿನಲ್ಲಿದ್ದ ಕೆಂಪು ಶೂ

ದಫನ್ ಆದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ಕಸದ ಗಾಡಿ ಬರುವ ದಿನವಾಗಿತ್ತು.

ನೆಂಟರು ಹೊರಟುಹೋಗಿದ್ದರು. ಮಸೀದಿಯವರು ತಂದಿಟ್ಟ ಬಿರಿಯಾನಿ ಟ್ರೇಗಳಿಂದಾಗಿ ಫ್ರೀಜರಿನ ಬಾಗಿಲು ಮುಚ್ಚುತ್ತಿರಲಿಲ್ಲ. ನಾನು ಇಮಾದನ ಜಾಕೆಟ್ ಹಾಕಿಕೊಂಡು ಕಸದ ಬಿನ್ ತಳ್ಳುತ್ತ ಡ್ರೈವ್‌ವೇ ತುದಿಗೆ ಹೋದೆ. ಮದುವೆಯಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದದ್ದೇ ಇಲ್ಲ. ಅದರ ಚಕ್ರ ಅಷ್ಟು ಸದ್ದು ಮಾಡುತ್ತದೆಂದು ಅವತ್ತೇ ಗೊತ್ತಾಗಿದ್ದು.

ಇಮಾದ್ ನನ್ನ ಗಂಡ. ಮಾರ್ಚ್ ತಿಂಗಳ ಒಂದು ಸಂಜೆ ಆಫೀಸಿನಿಂದ ಬಂದು ಸೋಫಾ ಮೇಲೆ ಕೂತವನು ಏಳಲಿಲ್ಲ. ಹೃದಯ ಅಂದರು ಡಾಕ್ಟರು. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲೂ ಏನಿಲ್ಲ.

ಎದುರು ಮನೆಯ ರೇಣು ಆಂಟಿ ತಮ್ಮ ಬಿನ್ ಪಕ್ಕ ನಿಂತಿದ್ದರು. ನನ್ನನ್ನು ಕಂಡದ್ದೇ ಅವರ ತಲೆ ಒಂದು ಕಡೆಗೆ ವಾಲಿತು. "ಪಾಪ," ಅಂದರು, ನನಗೆ ಕೇಳಿಸದ ಹಾಗೆ, ಆದರೆ ಕೇಳಿಸಿತು.

ಆಮೇಲೆ ನಮ್ಮೂರು ಬೋಲಿಂಗ್‌ಬ್ರೂಕ್‌ನಲ್ಲಿ ನಾನು ಕಂಡ ಮುಖಗಳೆಲ್ಲ ಹಾಗೇ ವಾಲಿದವು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಫೀಸಿನ ವಿಡಿಯೊ ಕಾಲಿನಲ್ಲೂ. ನಾನು ಅಳುತ್ತಿರಲಿಲ್ಲ. ಅಳದಿದ್ದರೂ ಪಾಪ. ನನಗೆ ಬೇಕಾಗಿದ್ದದ್ದು ಒಂದೇ: ಯಾರಾದರೂ ಒಬ್ಬರು ನನ್ನ ಹತ್ತಿರ ಮೊದಲಿನ ಹಾಗೆ ಮಾತಾಡಬೇಕು. ಜಗಳವಾಡಿದರೂ ಸರಿ.

ಕಸದ ಗಾಡಿಯ ಅದೇ ಬೆಳಗ್ಗೆ ವೆನ್‌ಜಿಂಗ್ ಬಂದಳು. ನನ್ನ ಜೊತೆ ಕೆಲಸ ಮಾಡುವವಳು, ಪಕ್ಕದ ಡೆಸ್ಕು. ಕೈಯಲ್ಲಿ ಫ್ಲಾಸ್ಕು.

"ತಿಂದೆಯಾ, ಹಾದಿಯಾ?"

"ಇಲ್ಲ."

"ಗಂಜಿ ತಂದಿದೀನಿ. ಶುಂಠಿ ಜಾಸ್ತಿ ಆಗಿದೆ. ಬೈಯಬೇಡ." ಬಟ್ಟಲಿಗೆ ಸುರಿಯುತ್ತಲೇ ಹೇಳಿದಳು, "ಅಕ್ಟೋಬರ್‌ನಲ್ಲಿ ನನ್ನ ಮದುವೆ. ನೀನು ಬ್ರೈಡ್ಸ್‌ಮೇಡ್ ಅಂತ ಮಾತಾಗಿತ್ತು. ಅದು ಹಾಗೇ ಇದೆ."

"ಹೀಗಾದಮೇಲೂ? ನಿಮ್ಮವರು ಒಪ್ತಾರಾ?"

"ಪೋಪೋ ಒಬ್ಬಳು ಒಪ್ಪಬೇಕು, ನನ್ನಜ್ಜಿ. ಅವಳ ವಿಷಯ ಅಕ್ಟೋಬರ್‌ನಲ್ಲಿ ನೋಡ್ಕೊಳ್ಳೋಣ. ಈಗ ಕುಡಿ."

ಶುಂಠಿ ನಿಜವಾಗಿಯೂ ಜಾಸ್ತಿಯಾಗಿತ್ತು.

*

ಗಂಡನನ್ನು ಕಳೆದುಕೊಂಡವಳು ಶೋಕದಲ್ಲಿರಬೇಕಾದ ಇದ್ದತ್ತಿನ ತಿಂಗಳುಗಳು ಕಳೆದವು. ಮನೆಯೊಳಗಿದ್ದೇ ಕೆಲಸ ಮಾಡಿದೆ, ನಮಾಜು ಮಾಡಿದೆ, ಬಣ್ಣದ ಬಟ್ಟೆ ಮುಟ್ಟಲಿಲ್ಲ. ಅವಧಿ ಮುಗಿದ ದಿನ ದಾವಣಗೆರೆಯಿಂದ ಅತ್ತೆ ಗುಲ್‌ಶನ್ ಕಾಲ್ ಮಾಡಿದರು.

"ಮುಗೀತಮ್ಮ. ಇನ್ನು ಬಿಳೀದು ಉಟ್ಕೊಂಡು ನನ್ನ ಹೆದರಿಸಬೇಡ."

"ಆ ಚೀನಾದವರ ಮದುವೆಗೆ ಕರ್ದಿದಾರೆ ಅಮ್ಮಿ."

"ಅಲ್ಲಂತೂ ಬಿಳೀ ಬಟ್ಟೆ ಬೇಡವೇ ಬೇಡ. ಅವರಲ್ಲಿ ಅದು ಸಾವಿಗೆ." ಅತ್ತೆಗೆ ಎಲ್ಲ ಯೂಟ್ಯೂಬಿನಿಂದ ಗೊತ್ತು. "ಕೆಂಪೂ ಬೇಡ, ಅದು ಮದುಮಗಳಿಗೆ. ಗುಲಾಬಿ ತಗೋ. ನಿಂಗೆ ಒಪ್ಪುತ್ತೆ."

ರೇಣು ಆಂಟಿ ಮಾತ್ರ, "ಇಷ್ಟು ಬೇಗ ಮದ್ವೆ ಮನೆಗೆ ಹೋಗ್ತೀಯೇನಮ್ಮ?" ಅಂದರು. ಅವರ ಮುಖ ಆಗಲೂ ವಾಲಿತ್ತು.

*

ಗಂಡು ಜುನ್ ಡೆಟ್ರಾಯಿಟ್ ಕಡೆಯವನು, ಕಾರು ಕಂಪನಿಯಲ್ಲಿ ಎಂಜಿನಿಯರ್. ಅವರ ಪದ್ಧತಿಯಲ್ಲಿ ಗಂಡು ಬೆಳಗ್ಗೆ ಗೆಳೆಯರ ಜೊತೆ ಬಂದು ಹೆಣ್ಣನ್ನು ಅವಳ ಮನೆಯಿಂದ ಕರೆದೊಯ್ಯಬೇಕು. ವೆನ್‌ಜಿಂಗಳ ತವರು ಚೀನಾದ ಗುವಾಂಗ್‌ಡಾಂಗ್. ಆದ್ದರಿಂದ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿದ್ದ ಅವಳ ಸೋದರಮಾವನ ಮನೆಯೇ ಆ ದಿನ ತವರಾಯಿತು. ಬಾಗಿಲಿಗೆ, ಕನ್ನಡಿಗೆ, ಮೈಕ್ರೋವೇವಿಗೂ ಕೆಂಪು ಕಾಗದ ಅಂಟಿಸಿದ್ದರು.

ಪೋಪೋ ಅಡುಗೆಮನೆಯಲ್ಲಿ ಕೂತಿದ್ದಳು. ನನ್ನನ್ನು ಮುಂದೆ ನಿಲ್ಲಿಸಿಕೊಂಡು ಏನೋ ಕೇಳಿದಳು. ವೆನ್‌ಜಿಂಗ್ ತಗ್ಗಿದ ದನಿಯಲ್ಲಿ ಹೇಳಿದಳು, "ನಿನ್ನ ಶೋಕದ ದಿನ ಮುಗಿದಿದೆಯಾ ಅಂತ ಕೇಳ್ತಿದಾಳೆ. ಸಾರಿ."

"ಸಾರಿ ಯಾಕೆ? ಮುಗಿದಿದೆ. ನಮ್ಮಲ್ಲೂ ಅದಕ್ಕೊಂದು ಲೆಕ್ಕ ಇದೆ, ಪೂರ್ತಿ ಮಾಡಿದೀನಿ ಅಂತ ಹೇಳು."

ಪೋಪೋ ತಲೆಯಾಡಿಸಿದಳು. ನನ್ನ ಗುಲಾಬಿ ದುಪಟ್ಟಾಗೆ ತನ್ನ ಕೈಯಾರೆ ಕೆಂಪು ರೇಷ್ಮೆ ಹೂವು ಸಿಕ್ಕಿಸಿ, ಕೆನ್ನೆಯನ್ನು ನೋವಾಗುವಷ್ಟು ಜೋರಾಗಿ ತಟ್ಟಿದಳು. ಅವಳ ಮಟ್ಟಿಗೆ ವಿಷಯ ಮುಗಿದಿತ್ತು. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ ನನ್ನನ್ನು.

ಗಂಡಿನವರು ಬರುವ ಮುನ್ನ ಮದುಮಗಳ ಕೆಂಪು ಶೂ ಬಚ್ಚಿಡಬೇಕು. ಗಂಡಿನ ಗೆಳೆಯರು ಹುಡುಕಿ ಕೊಟ್ಟಮೇಲೇ ಅವಳು ಮನೆಯಿಂದ ಕಾಲು ಹೊರಗಿಡುವುದು. ಒಂದನ್ನು ಪರದೆಯ ಮೇಲೆ ಕಟ್ಟಿದರು. ಇನ್ನೊಂದನ್ನು ವೆನ್‌ಜಿಂಗ್ ನನ್ನ ಕೈಗೆ ತುರುಕಿದಳು.

"ಕೋಟಿನ ತೋಳಿನಲ್ಲಿ ಇಡು. ಕೋಟು ಮಡಿಲಲ್ಲಿಟ್ಕೊಂಡು ಕೂತಿರು. ನಿನ್ನ ಯಾರೂ ಕೇಳಲ್ಲ."

"ಯಾಕೆ?"

ಅವಳು ಕನ್ನಡಿಯ ಕಡೆ ತಿರುಗಿ ಕೂದಲಿನ ಪಿನ್ ಸರಿಮಾಡಿಕೊಂಡಳು. ಉತ್ತರ ನನಗೂ ಬೇಕಿರಲಿಲ್ಲ.

*

ಬಾಗಿಲಲ್ಲಿ ಗದ್ದಲ. ಒಳಗೆ ಬಿಡಬೇಕಾದರೆ ಹುಳಿ, ಸಿಹಿ, ಕಹಿ, ಖಾರ ನಾಲ್ಕನ್ನೂ ತಿಂದು ತೋರಿಸಬೇಕು. ನಿಂಬೆಯ ಹೋಳು ಕಚ್ಚಿ ಒಬ್ಬ ಮುಖ ಕಿವುಚಿದ. ಹಸಿ ಹಾಗಲಕಾಯಿ ಕಂಡು ಎಲ್ಲರೂ ಹಿಂದೆ ಸರಿದರು. ಕೊನೆಗೆ ಎತ್ತರದವನೊಬ್ಬ ಮುಂದೆ ಬಂದು ಸೌತೆಕಾಯಿ ತಿಂದ ಹಾಗೆ ಕಚಕಚ ತಿಂದ. ಚೀನಾದವನಲ್ಲ, ನಮ್ಮ ಕಡೆಯ ಮುಖ. ಬಲಹುಬ್ಬೊಂದೇ ಮೇಲಿತ್ತು, ಅದೇನು ದೊಡ್ಡ ವಿಷಯ ಎನ್ನುವಂತೆ.

ಒಳಗೆ ಬಂದವರು ಮನೆಯನ್ನೆಲ್ಲ ಜಾಲಾಡಿದರು. ಪರದೆಯ ಮೇಲಿನ ಶೂ ಬೇಗ ಸಿಕ್ಕಿತು. ಇನ್ನೊಂದಕ್ಕಾಗಿ ಹಾಸಿಗೆ ಎತ್ತಿದರು, ರೈಸ್ ಕುಕ್ಕರ್ ತೆರೆದರು, ಒಬ್ಬೊಬ್ಬ ಬ್ರೈಡ್ಸ್‌ಮೇಡಿನ ಬ್ಯಾಗನ್ನೂ ಕೇಳಿ ನೋಡಿದರು. ನನ್ನ ಹತ್ತಿರ ಬಂದದ್ದೇ ಕಣ್ಣು ತಗ್ಗಿಸಿ ಪಕ್ಕಕ್ಕೆ ಹೋದರು. ಅವರಿಗೆಲ್ಲ ಮೊದಲೇ ಹೇಳಿಟ್ಟಿದ್ದರು, ಆಕೆಯನ್ನು ರೇಗಿಸಬೇಡಿ ಅಂತ.

ನಾನು ಗೋಡೆಯ ಹಾಗೆ ಕೂತಿದ್ದೆ. ಅದು ಆ ಹೊತ್ತಿಗೆ ನನಗೆ ಚೆನ್ನಾಗಿ ರೂಢಿಯಾಗಿತ್ತು.

ಹಾಗಲಕಾಯಿ ತಿಂದವನು ಕೋಣೆಯ ನಡುವೆ ನಿಂತ. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ ಬಂದು ನನ್ನಲ್ಲಿಗೆ ಬಂದಾಗ ನಿಲ್ಲಿಸಿದ. ಅವನ ಮುಖ ವಾಲಲಿಲ್ಲ. ಬಲಹುಬ್ಬು ನಿಧಾನವಾಗಿ ಮೇಲೆ ಹೋಯಿತು.

"ಕೋಟು ಎತ್ತರಿ, ಹಾದಿಯಾ ಅವರ."

ಕನ್ನಡ! ವಿಜಯಪುರದ ಕಡೆಯ ಕನ್ನಡ. ಕೋಣೆಯಲ್ಲಿ ಯಾರಿಗೂ ಮಾತು ತಿಳಿಯಲಿಲ್ಲ, ಆದರೆ ದನಿ ತಿಳಿಯಿತು. ಜುನ್ ಅವನ ತೋಳು ಹಿಡಿದು, "ಮಜೀದ್, ಬೇಡ," ಅಂದ.

ಅವನು ಕದಲಲಿಲ್ಲ.

"ಯಾಕೆ ಎತ್ತಬೇಕು?" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಚಳಿ ಐತೇನ್ರಿ ಮನಿಯಾಗ? ಎಲ್ಲಾರೂ ಕೋಟು ಬಾಗಲದಾಗ ತೂಗುಹಾಕ್ಯಾರ. ನೀವೊಬ್ಬರ ಮಡಲಾಗ ಹಿಡಕೊಂಡು ಕುಂತೀರಿ, ಕೂಸಿನಗತೆ."

"ನನ್ನ ಕೋಟು, ನನ್ನಿಷ್ಟ."

"ಕೋಟು ನಿಮ್ಮದ ಇರ್ಲಿ. ಶೂ ನಮ್ಮ ಸೊಸಿದು."

ಎದೆಯಿಂದ ಏನೋ ಮೇಲಕ್ಕೆ ಬಂತು. ಕೆಮ್ಮು ಅಂದುಕೊಂಡೆ. ನಗು. ತಡೆಯೋಣವೆಂದು ತುಟಿ ಬಿಗಿದೆ, ಅವನು ಅದನ್ನೂ ಕಂಡ.

"ಪುಕ್ಕಟೆ ಕೊಡಲ್ಲ," ಅಂದೆ. "ಪುಷ್-ಅಪ್ ಹೊಡೀರಿ. ನಾನು ಸಾಕು ಅನ್ನೋವರೆಗೂ."

ಅವನು ಸೂಟಿನ ಬಟನ್ ಬಿಚ್ಚಿ ಕಾರ್ಪೆಟ್ಟಿನ ಮೇಲೆ ಕೈಯೂರಿದ. ಹುಡುಗಿಯರು ಕಿರುಚಿದರು. ನಾನು ತುಂಬ ಹೊತ್ತು ಸಾಕು ಅನ್ನಲಿಲ್ಲ. ಕೊನೆಗೆ ಅವನೇ ತಲೆಯೆತ್ತಿ ಏದುಸಿರಿನಲ್ಲಿ, "ಕರುಣಾ ಇಲ್ಲೇನ್ರಿ ನಿಮಗ?" ಅಂದ.

"ಇಲ್ಲ," ಅಂದೆ, ಶೂ ತೆಗೆದು ಅವನ ಕೈಗಿಟ್ಟೆ. ಬೆರಳು ತಾಗಲಿಲ್ಲ. ತಾಗದಂತೆ ಇಬ್ಬರೂ ಎಚ್ಚರವಹಿಸಿದೆವು, ಅದು ಇಬ್ಬರಿಗೂ ಗೊತ್ತಾಯಿತು.

"ನನ್ನ ಹೆಸರು ಹೇಗೆ ಗೊತ್ತು?"

"ಆಮ್ಯಾಲ ಹೇಳ್ತೇನ್ರಿ. ಈಗ ತಡಾ ಮಾಡಿದ್ರ ಜುನ್ ಅತ್ತಬಿಡ್ತಾನ."

*

ಹಿರಿಯರಿಗೆ ಮಂಡಿಯೂರಿ ಟೀ ಕೊಡುವ ಶಾಸ್ತ್ರ ಮುಗಿಯಿತು. ಪೋಪೋ ಬಟ್ಟಲು ಖಾಲಿ ಮಾಡಿ ವೆನ್‌ಜಿಂಗಳ ಕೈಗೆ ಚಿನ್ನದ ಬಳೆ ಹಾಕುವಾಗ ನಾನು ಅತ್ತುಬಿಟ್ಟೆ. ಮಾರ್ಚಿನಿಂದ ಬರದಿದ್ದ ಕಣ್ಣೀರು ಬೇರೆಯವರ ಸಂತೋಷಕ್ಕೆ ಬಂತು. ಮದುವೆಮನೆಯಲ್ಲಿ ಎಲ್ಲರೂ ಅಳುತ್ತಿದ್ದರು, ಆದ್ದರಿಂದ ಯಾರೂ ನನ್ನನ್ನು ನೋಡಲಿಲ್ಲ. ಒಬ್ಬ ಬಿಟ್ಟು. ಅವನೂ ನೋಡಿ ಬೇರೆ ಕಡೆ ತಿರುಗಿದ.

ಮಧ್ಯಾಹ್ನದ ಊಟ ಮ್ಯಾಡಿಸನ್ ಹೈಟ್ಸ್‌ನ ರೆಸ್ಟೋರೆಂಟಿನಲ್ಲಿ. ಹಂದಿಮಾಂಸ ತಿನ್ನದವರನ್ನೆಲ್ಲ ಒಂದೇ ಟೇಬಲಿಗೆ ಹಾಕಿದ್ದರು: ನಾನು, ಮಜೀದ್, ಮತ್ತು ಬೌದ್ಧ ವ್ರತದ ಸಸ್ಯಾಹಾರಿ ಅಜ್ಜಿಯರು. ಅಜ್ಜಿಯರು ಟೇಬಲಿನ ನಡುವಿನ ಗಾಜಿನ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನಮ್ಮಿಬ್ಬರ ಮುಂದೆ ಟೋಫು ನಿಲ್ಲಿಸುತ್ತಿದ್ದರು. ನಮಗಿಬ್ಬರಿಗಾಗಿಯೇ ಇಡೀ ಮೀನೊಂದು ಬಂತು. ಒಂದು ಬದಿ ತಿಂದು ನಾನು ಮಗುಚಲು ಹೋದೆ.

"ಊಹೂಂ, ತಿರುವಬ್ಯಾಡ್ರಿ! ಮೀನ ಮಗಚಿದ್ರ ದೋಣಿ ಮಗಚತೈತಿ ಅಂತಾರ ಇವರು. ಮುಳ್ಳು ಎತ್ತಿ ಕೆಳಗಿಂದ ತಗೀರಿ." ತಾನೇ ಮುಳ್ಳು ಬಿಡಿಸಿದ.

"ಈಗ ಹೇಳಿ. ನಾನು ನಿಮಗೆ ಹೇಗೆ ಗೊತ್ತು?"

ಚಾಪ್‌ಸ್ಟಿಕ್ ಕೆಳಗಿಟ್ಟ.

"ಇಮಾದ್ ಹೋದ ವರ್ಷ ಪ್ರಾಜೆಕ್ಟಿಗೆ ಅಂತ ಇಲ್ಲೇ ಡೆಟ್ರಾಯಿಟ್ ಹತ್ರ ನೋವೈದಾಗ ಇದ್ನಲ್ರಿ, ಊಟ ನಮ್ಮ ಮನ್ಯಾಗ. ನಾನು ನಮ್ಮಕ್ಕ ದಾನಿಯಾನ ಮನ್ಯಾಗಿರ್ತೀನಿ. ದಫನ್‌ಗೂ ಬಂದಿದ್ದೆ. ಮಣ್ಣು ಹಾಕೇನಿ."

ಗಂಡಸರ ಸಾಲಿನಲ್ಲಿ ಯಾರು ಯಾರಿದ್ದರೋ, ನಾನು ನೋಡಿರಲಿಲ್ಲ.

"ಅಂದರೆ, ನಾನು ಯಾರು ಅಂತ ಗೊತ್ತಿದ್ದೂ ರೇಗಿಸಿದಿರಿ."

"ಗೊತ್ತಿತ್ತು ಅಂತ್ಲೇ ರೀ. ಇಮಾದ್ ಹೇಳ್ತಿದ್ದ, ನನ್ನ ಹೆಂಡತಿಯಷ್ಟು ಚಂದ ಸುಳ್ಳು ಮುಖ ಮಾಡಾವ್ರು ಜಗತ್ತಿನಾಗ ಇಲ್ಲ, ಇಸ್ಪೀಟು ಕೈಯಾಗಿದ್ರ ಗ್ವಾಡಿಗತೆ ಕುಂದರ್ತಾಳ ಅಂತ. ಇವತ್ತ ಎಲ್ಲಾರೂ ನಿಮ್ಮ ಮುಖದಾಗ ದುಃಖ ನೋಡಿದ್ರು. ನಾನು ನೋಡಿದೆ, ಈಕಿ ಕೈಯಾಗ ಏನೋ ಎಲಿ ಐತಿ ಅಂತ."

ನಾನು ಮೀನನ್ನೇ ನೋಡುತ್ತಿದ್ದೆ.

"ಇಮಾದನ ಗೆಳೆಯರೆಲ್ಲ ನನ್ನ ಭಾಬಿ ಅಂತಾರೆ," ಅಂದೆ. "ನೀವು ಅನ್ನಲಿಲ್ಲ."

ಅಣ್ಣನ ಹೆಂಡತಿಗೆ ಅನ್ನುವ ಮಾತು ಅದು. ಅವನ ಕಿವಿ ಕೆಂಪಾಯಿತು. ಪುಷ್-ಅಪ್ ಹೊಡೆದಾಗಲೂ ಅಷ್ಟು ಕೆಂಪಾಗಿರಲಿಲ್ಲ.

"ದಫನ್‌ದಾಗ ಎದುರಿಗೆ ಸಿಕ್ಕಿದ್ರ ಅಂತಿದ್ನೋ ಏನೋ. ಇವತ್ತ ನೀವು ಕೋಟು ಹಿಡಕೊಂಡು ಗ್ವಾಡಿಗತೆ ಕುಂತ್ರಿ ನೋಡ್ರಿ, ಆವಾಗಿಂದ ಬಾಯಿಗೆ ಬರವಲ್ದು."

ಅಜ್ಜಿಯೊಬ್ಬಳು ಟೋಫುವನ್ನು ಮತ್ತೆ ನಮ್ಮ ಮುಂದೆ ತಂದು ನಿಲ್ಲಿಸಿದಳು. ಇಬ್ಬರೂ ವಿಧೇಯರಾಗಿ ತಿಂದೆವು.

ಹೊರಡುವ ಹೊತ್ತಿಗೆ ಪಾರ್ಕಿಂಗ್ ಲಾಟಿನಲ್ಲಿ ಅವನು ಹೇಳಿದ. "ನಂದೊಂದು ಕ್ಯಾರಂ ಬೋರ್ಡ್ ಇಮಾದ್ ತಗೊಂಡ್ಹೋಗಿದ್ದ. ರಂಜಾನಿಗೆ ಆಡಿ ಕೊಡ್ತೀನಿ ಅಂದಿದ್ದ."

ನನ್ನ ಗರಾಜಿನಲ್ಲಿ ಒಂದು ಬೋರ್ಡ್ ಇತ್ತು. ಇಮಾದನದೇ ಅಂದುಕೊಂಡಿದ್ದೆ.

"ಯಾವಾಗ ಬಂದು ತಗೊಂಡು ಹೋಗ್ತೀರಿ?"

"ನಾನು ಬರಂಗಿಲ್ರಿ." ಈಗ ಅವನ ಹುಬ್ಬು ಮೇಲಿರಲಿಲ್ಲ. "ಬಂದ್ರ ನಿಮಗ ಇಲ್ಲ ಅನ್ನಾಕ ಸಂಕೋಚ ಆಗತೈತಿ. ಯಾರ ಕೈಯಾಗರ ಕಳಿಸ್ರಿ, ನಾನು ತಿಳಕೋತೀನಿ, ಮತ್ತ ಕೇಳಂಗಿಲ್ಲ. ನೀವ ತಂದ್ರ…" ನನ್ನ ಕಾರಿನ ಬಾಗಿಲು ತೆರೆದು ಹಿಡಿದ.

*

ಬೋರ್ಡು ಮೂರು ವಾರ ಗರಾಜಿನಲ್ಲೇ ಇತ್ತು. ರೇಣು ಆಂಟಿಯ ಮಗ ನಿಹಾಲ್ ನೋವೈ ಹತ್ತಿರದ ಆ್ಯನ್ ಆರ್ಬರ್‌ನಲ್ಲಿ ಓದುತ್ತಾನೆ, ವಾರಾಂತ್ಯಕ್ಕೆ ಬಂದು ಹೋಗುತ್ತಾನೆ. ಅವನ ಕೈಯಲ್ಲಿ ಕಳಿಸಬಹುದಿತ್ತು. ಒಂದು ಭಾನುವಾರ ಅವನು ಕಾರು ಹೊರಡಿಸುವುದನ್ನು ಕಿಟಕಿಯಿಂದ ನೋಡುತ್ತ ನಿಂತೆ. ಅವನು ಹೋದ. ನಾನು ಕೂಗಲಿಲ್ಲ.

ಅವತ್ತೇ ವಿಡಿಯೊ ಕಾಲಿನಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಭಾಬಿ ಅನ್ನದಿದ್ದುದನ್ನೂ.

ಸ್ಕ್ರೀನಿನಲ್ಲಿ ಅವರ ಸೆರಗಿನ ತುದಿ ಮಾತ್ರ ಕಾಣುತ್ತಿತ್ತು.

"ನನ್ನ ಮಗ ತಗೊಂಡಿದ್ದು ವಾಪಸ್ ಹೋಗಬೇಕು," ಅಂದರು ಕೊನೆಗೆ. "ಅವನ ಮೇಲೆ ಯಾರ ಋಣವೂ ಉಳೀಬಾರದು."

"ಹೌದು ಅಮ್ಮಿ. ನಿಹಾಲ್ ಕೈಲಿ ಕಳಿಸ್ಲಾ?"

"ಆ ಹುಡುಗ ಯಾರು ಇದಕ್ಕೆ? ನೀನು ಹೋಗು." ಮೂಗು ಒರೆಸಿಕೊಂಡರು. "ಕೊಟ್ಟು ಬಾ ಅಂತಿಲ್ಲ ನಾನು. ಹೋಗು ಅಂತಿದೀನಿ. ನೀನು ನನ್ನ ಮಗಳು, ಎಲ್ಲಿದ್ರೂ. ತಿಳೀತಾ?"

ತಿಳಿಯಿತು.

ಶನಿವಾರ ಬೆಳಗ್ಗೆ ಬೋರ್ಡನ್ನು ಹಿಂದಿನ ಸೀಟಿನಲ್ಲಿ ನಿಲ್ಲಿಸಿ ಸೀಟ್‌ಬೆಲ್ಟ್ ಕಟ್ಟಿದೆ. ರೇಣು ಆಂಟಿ ತಮ್ಮ ಮನೆಯೆದುರು ಎಲೆ ಗುಡಿಸುತ್ತಿದ್ದರು.

"ಎಲ್ಲಿಗಮ್ಮ, ಇಷ್ಟು ಬೆಳಗ್ಗೆ?"

"ಡೆಟ್ರಾಯಿಟ್‌ಗೆ ಆಂಟಿ. ಒಬ್ಬರನ್ನ ನೋಡೋದಿದೆ."

ಅವರ ಪೊರಕೆ ನಿಂತಿತು. ನಾನು ಕೈ ಬೀಸಿ ಹೊರಟೆ.

ಐ-94ರ ಉದ್ದಕ್ಕೂ ಬಿಸಿಲಿತ್ತು. ಕಲಮಜೂ ದಾಟಿದ ಮೇಲೆ ರೇಡಿಯೊ ಹಾಕಿದೆ. ಇಮಾದನ ನೆನಪಾಯಿತು, ನೋಯಿಸಿತು, ಪಕ್ಕದಲ್ಲೇ ಇತ್ತು. ನಾನು ವೇಗ ಕಡಿಮೆ ಮಾಡಲಿಲ್ಲ.

ನೋವೈನಲ್ಲಿ ಬೆಲ್ ಒತ್ತಿದಾಗ ಬಾಗಿಲು ತೆರೆದವನ ಕೈಗೆಲ್ಲ ರೊಟ್ಟಿ ಹಿಟ್ಟು. ಒಳಗಿನಿಂದ ದಾನಿಯಾ, "ಯಾರಲೇ?" ಅಂದಳು. ಅವನು ನನ್ನನ್ನು ನೋಡಿದ, ಬೋರ್ಡನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

"ಹಿಡೀರಿ, ಭಾರ ಇದೆ."

ಹಿಟ್ಟಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದ.

"ಇಮಾದ್ ನಿಮ್ಮ ಹತ್ತಿರ ತಗೊಂಡಿದ್ದು," ಅಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು. "ಅವನ ಪರವಾಗಿ ವಾಪಸ್ ಕೊಡ್ತಿದೀನಿ. ತಡವಾಯ್ತು. ಮಾಫ್ ಮಾಡಿ."

"ಮುಟ್ಟಿತ್ರಿ," ಅಂದ ಮೆಲ್ಲಗೆ. "ಮಾಫ್ ಐತಿ."

ಬೋರ್ಡನ್ನು ಎದೆಗವಚಿಕೊಂಡು ಬಾಗಿಲಿನ ತುಂಬ ನಿಂತೇ ಇದ್ದ.

"ಅಷ್ಟ ಏನ್ರಿ?"

"ಇಮಾದ್‌ದು ಅಷ್ಟೇ," ಅಂದೆ. "ನನ್ನದು ಒಳಗೆ ಬಂದು ಹೇಳ್ತೀನಿ. ದಾರಿ ಬಿಡಿ."