ಮಾತಾಡುವ ಪೆಟ್ಟಿಗೆಯ ಕಳವು

ಬೀಗ ಮುರಿದಿತ್ತು. ಪೆಟ್ಟಿಗೆ ಇರಲಿಲ್ಲ.

ದಂಡಿನಶಿವರದ ಮಹಿಳಾ ಸಂಘದ ಕೋಣೆಯ ಮುಂದೆ ಬೆಳಬೆಳಗ್ಗೆಯೇ ಅರ್ಧ ಊರು ನೆರೆದಿತ್ತು. ಸಬ್ ಇನ್ಸ್‌ಪೆಕ್ಟರ್ ದಾನೇಶ್ವರಿ ಜೀಪಿನಿಂದ ಧುಮುಕಿದಳು. ಕೆಲಸಕ್ಕೆ ಸೇರಿದಂದಿನಿಂದ ಅವಳ ಪಾಲಿಗೆ ಬಂದದ್ದೆಲ್ಲ ಕೋಳಿ ಕಳವು, ಬದುವಿನ ಜಗಳ. ಇವತ್ತು ಕಂಪ್ಯೂಟರ್ ಕಳವು! ಖುಷಿಪಡಬಾರದು ಅಂತ ಗೊತ್ತಿದ್ದೂ ಅವಳಿಗೆ ಖುಷಿಯಾಗಿತ್ತು.

ಅದು ಸಾಮಾನ್ಯ ಕಂಪ್ಯೂಟರ್ ಆಗಿರಲಿಲ್ಲ. ಎದೆಯಲ್ಲಿ ಗಂಟೋ ನೋವೋ ಕಂಡ ಹೆಂಗಸು ಪರದೆಯ ಹಿಂದೆ ಒಬ್ಬಳೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಸಾಕು. ಪೆಟ್ಟಿಗೆ ಕನ್ನಡದಲ್ಲೇ ಪ್ರಶ್ನೆ ಕೇಳುತ್ತಿತ್ತು. ಗಾಜಿನ ಮೇಲಿನ ಚಿತ್ರ ಮುಟ್ಟಿದರೆ ಅದೇ ಉತ್ತರ. ಕೊನೆಗೆ ಹೆಸರನ್ನು ಬಾಯಲ್ಲಿ ಹೇಳಬೇಕು. ಎಲ್ಲವೂ ಫೋನ್ ತಂತಿಯ ಮೇಲೆ ನೇರ ತುಮಕೂರಿನ ಸ್ತನರೋಗ ತಜ್ಞೆಗೆ ಹೋಗುತ್ತಿತ್ತು. ಊರ ಡಾಕ್ಟರ ಚೀಟಿ ಬೇಡ, ಗಂಡನ ಅಪ್ಪಣೆ ಬೇಡ, ಅತ್ತೆಯ ಮುಖ ನೋಡುವುದೂ ಬೇಡ.

"ನಾನೇ ಕಣಮ್ಮ ಮೊದ್ಲು ನೋಡಿದ್ದು," ಎಂದಳು ಕೋಣೆಯ ಉಸ್ತುವಾರಿ ವಿಮಲಮ್ಮ. ಕಣ್ಣು ಕೆಂಪಗಿದ್ದವು. "ಕಸ ಗುಡಿಸೋಕೆ ಬಂದೆ. ಬೀಗ ನೇತಾಡ್ತಿತ್ತು. ಠಾಣೆಗೂ ನಾನೇ ಹೇಳಿಕಳಿಸ್ದೆ."

ಪೆಟ್ಟಿಗೆ ನೋಡಿಕೊಳ್ಳುವ ಯೋಗೀಶ ತಿಪಟೂರಿನಿಂದ ಬೈಕಿನಲ್ಲಿ ಹಾರಿ ಬಂದಿದ್ದ.

"ಮೇಡಂ, ನಿನ್ನೆ ಮಧ್ಯಾಹ್ನ ತೆಂಗಿನ ಗರಿ ಬಿದ್ದು ಇಲ್ಲಿನ ಫೋನ್ ತಂತಿ ತುಂಡಾಯ್ತು. ಅದಾದ ಮೇಲೆ ಏನೂ ತುಮಕೂರಿಗೆ ಹೋಗಿಲ್ಲ."

"ತಂತಿ ಹೋದ್ರೆ ಹೋಗ್ಲಿ ಬಿಡಿ. ಸಂಜೆ ಯಾರಾದ್ರೂ ಮುಟ್ಟಿದ್ರಾ?"

"ಮುಟ್ಟವ್ರೆ ಕಣವ್ವ," ಎಂದಳು ಎದುರುಮನೆಯ ಕೊಲ್ಲಾಪುರಮ್ಮ. ಊರಿನ ಯಾವ ಸುದ್ದಿಯೂ ಅವಳ ಕಣ್ಣು ತಪ್ಪಿಸಿ ಹೋಗುವುದಿಲ್ಲ. "ಡೈರಿಗೆ ಹಾಲಾಕಿ ಬತ್ತಿದ್ದೆ. ಕಿಟಕೀಲಿ ಕೆಂಪು ದೀಪ ಉರೀತಿತ್ತು. ಒಳಗೆ ಯಾರಿದ್ರೋ, ಪರದೆ ಇತ್ತಲ್ಲ, ಕಾಣ್ಲಿಲ್ಲ."

ಯೋಗೀಶನ ಮುಖ ಬಿಳುಚಿಕೊಂಡಿತು. "ಕೆಂಪು ಅಂದ್ರೆ ತಜ್ಞರು ತಕ್ಷಣ ನೋಡ್ಲೇಬೇಕು ಅಂತ ಮೇಡಂ. ಅಲ್ಲಿಗೆ ಸುದ್ದಿ ಮುಟ್ಟಿದ್ರೆ ತಾನೇ ಹಸಿರಾಗುತ್ತೆ. ಈಗ ಅವಳು ಯಾರು ಅನ್ನೋದು ಆ ಪೆಟ್ಟಿಗೆಗೆ ಮಾತ್ರ ಗೊತ್ತು."

ದಾನೇಶ್ವರಿಯ ಖುಷಿ ಜರ್ರನೆ ಇಳಿಯಿತು. ಇದು ಸಾಮಾನಿನ ಕಳವಲ್ಲ. ಈ ಊರಲ್ಲಿ ಯಾವುದೋ ಹೆಂಗಸಿನ ಜೀವ ಆ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿತ್ತು. ಬೇಗ ಹುಡುಕಬೇಕು.

* * *

ಮೊದಲ ಅನುಮಾನ ಮರುಳಪ್ಪನ ಮೇಲೆ. ಡಿಗ್ರಿಯಿಲ್ಲದೆ ಸೂಜಿ ಚುಚ್ಚುವ ಅವನು ಎದೆಯ ಗಂಟಿಗೂ ಮುಲಾಮು ಕೊಡುತ್ತಿದ್ದ. ಪೆಟ್ಟಿಗೆ ಬಂದ ಮೇಲೆ ಅವನ ಅಂಗಡಿಯತ್ತ ಹೆಂಗಸರು ಸುಳಿಯುತ್ತಿರಲಿಲ್ಲ. ಅದನ್ನು ಬಾವಿಗೆ ಎಸೆಯುತ್ತೇನೆ ಅಂತ ಅರಳೀಕಟ್ಟೆಯಲ್ಲಿ ಕೂಗಾಡಿದ್ದನಂತೆ.

"ಎಸೀತೀನಿ ಅಂದಿದ್ದು ನಿಜ," ಎಂದ ಮರುಳಪ್ಪ. "ಉದ್ಘಾಟನೆ ದಿನ ಮೈಕಿಗೆ ಹಾಕಿ ಕೇಳಿಸಿದ್ರಲ್ಲ. 'ನನ್ನ ಹೆಸರು ಇಂಥದ್ದು, ಎಡಗಡೆ ಗಂಟೈತೆ' ಅಂತ ಊರಿಗೆಲ್ಲಾ ಕೂಗ್ತು. ಮಾನ ಮರ್ಯಾದೆ ಬ್ಯಾಡ್ವಾ?"

ಕಾನ್‌ಸ್ಟೇಬಲ್ ಹುಚ್ಚರಂಗಯ್ಯ ಹಿತ್ತಲಿನಿಂದ ಕೂಗಿದ. "ಮೇಡಂ! ಗೋಣಿಚೀಲದಲ್ಲಿ ಪೆಟ್ಟಿಗೆ ಐತೆ! ಗಾಜೂ ಐತೆ!"

ದಾನೇಶ್ವರಿ ಓಡಿದಳು. ಚೀಲ ಬಿಚ್ಚಿದಳು. ಹೊಸ ಟೀವಿ.

"ಹೆಂಡ್ತಿಗೆ ಗೊತ್ತಾಗಬಾರ್ದು ಅಂತ ಇಟ್ಟಿದ್ದೆ," ಎಂದು ಮರುಳಪ್ಪ ಹಲ್ಲುಗಿಂಜಿದ. ಅಷ್ಟು ಹೊತ್ತಿಗೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮುಂದಿನ ವಿಚಾರಣೆಯನ್ನು ಅವಳಿಗೇ ಒಪ್ಪಿಸಿ ಪೊಲೀಸರು ಹೊರಟರು.

* * *

ದಾನೇಶ್ವರಿ ಮತ್ತೆ ಕೋಣೆಗೆ ಬಂದು ಕಣ್ಣಾಡಿಸಿದಳು. ಬೀಗವನ್ನು ಹಾರೆಯಿಂದ ಮೀಟಿ ಎತ್ತಿದ್ದರು. ಅಷ್ಟು ಅವಸರ. ಒಳಗೆ ಮಾತ್ರ ಸ್ವಿಚ್ ಆರಿಸಿ, ವೈರು ನಾಜೂಕಾಗಿ ಬಿಚ್ಚಿದ್ದರು. ಗೋಡೆಯ ಮೇಲೆ ಸಿದ್ಧರಾಮೇಶ್ವರನ ಪಟ. ಪಟದ ಕಟ್ಟಿನ ಮೇಲೆ ಬಾಡಿದ ಒಂದು ಸೇವಂತಿಗೆ.

"ವಿಮಲಮ್ಮ, ಈ ಹೂವು?"

"ದಿನಾ ಬೆಳಿಗ್ಗೆ ಒಂದು ಹೂವ ಇಡ್ತೀನಿ ಕಣಮ್ಮ, ಪೆಟ್ಟಿಗೆ ಮೇಲೆ."

"ಪಟಕ್ಕೆ?"

"ಪಟಕ್ಕೆ ಹಬ್ಬಕ್ಕೆ ಮಾತ್ರ."

ದಾನೇಶ್ವರಿ ಪಟದಿಂದ ಕಣ್ಣು ತೆಗೆದು ಬಾಗಿಲತ್ತ ಹೊರಟಳು.

"ಹೇಳಿಕೆ ನಿಮ್ಮನೇಲೇ ಬರ್ಕೋತೀನಿ. ಒಂದು ಲೋಟ ಕಾಫಿ ಕೊಡಿ. ಯೋಗೀಶ್, ಅಷ್ಟ್ರಲ್ಲಿ ತಂತಿ ಸರಿಮಾಡ್ಸಿ."

* * *

ವಿಮಲಮ್ಮನ ಮನೆಯಲ್ಲಿ ಸಡಗರ. ಮಗಳು ಮಧುಶ್ರೀಯ ನಿಶ್ಚಿತಾರ್ಥ ಹತ್ತಿರವಿತ್ತು. ಗಂಡ ಪರಮಶಿವಯ್ಯ ಜವಳಿಗೆಂದು ತಿಪಟೂರಿಗೆ ಹೋಗಿದ್ದ. ಅಂಗಳದಲ್ಲಿ ಹೊಸದಾಗಿ ಕೆಡವಿದ ಕಾಯಿಗಳ ಗುಡ್ಡೆ.

ವಿಮಲಮ್ಮ ಕಾಫಿಗೆ ಒಳಗೆ ಹೋದದ್ದೇ ತಡ, ದಾನೇಶ್ವರಿ ಏಣಿ ಹತ್ತಿದಳು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ವರ್ಷವಿಡೀ ಅಲ್ಲೇ ಒಣಗಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುವ ತನಕ ಯಾರೂ ಮುಟ್ಟುವಂತಿಲ್ಲ. ಅವಳೂ ಕೊಬ್ಬರಿ ಮಂಡಿಯವರ ಮಗಳೇ. ಅಭ್ಯಾಸದಂತೆ ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಗಡಗಡ. ಕೊಬ್ಬರಿಯಾಗಿದೆ. ಇನ್ನೊಂದೂ ಗಡಗಡ.

ಮೂಲೆಯಲ್ಲಿ ರಾಶಿ ತುಸು ಎತ್ತರವಿತ್ತು. ಅಲ್ಲಿಂದ ಒಂದನ್ನು ಎತ್ತಿದಳು. ಭಾರ! ಅಲ್ಲಾಡಿಸಿದಳು.

ಗುಳುಗುಳು. ನೀರು.

ಕೊಬ್ಬರಿಯಾದ ಕಾಯಿಯ ಮೇಲೆ ಹಸಿಕಾಯಿಯೇ? ಈ ಸೀಮೆಯ ಯಾವ ಮನೆಯವರೂ ಹಾಗೆ ಮಾಡುವುದಿಲ್ಲ. ಅವಳು ಎರಡೂ ಕೈಯಲ್ಲಿ ಕಾಯಿ ಬದಿಗೆ ಸರಿಸಿದಳು. ಮೊದಲು ಸಂಘದ ಕೋಣೆಯ ಪರದೆಯ ಬಟ್ಟೆ ಕಂಡಿತು. ಅದರೊಳಗೆ ಪೆಟ್ಟಿಗೆ.

"ಸಿಕ್ತು!" ಎಂದು ಕಿರುಚಿಯೇ ಬಿಟ್ಟಳು.

ಕೆಳಗೆ ಲೋಟ ಬಿದ್ದ ಸದ್ದಾಯಿತು.

* * *

"ಕಳ್ಳನಿಗೆ ಹೂವಿನ ಗೊಡವೆ ಯಾಕೆ ವಿಮಲಮ್ಮ?" ದಾನೇಶ್ವರಿ ಮೆಲ್ಲಗೆ ಕೇಳಿದಳು. "ಕಾಲಡಿ ಬೀಳಬಾರ್ದು ಅಂತ ಪಟದ ಮೇಲೆ ಇಟ್ಟಿದ್ದು ಅದನ್ನ ದಿನಾ ಇಡೋ ಕೈಯೇ. ಬೀಗ ಮುರಿದಿದ್ದು ನಮ್ಮ ಕಣ್ಣಿಗೆ ಮಣ್ಣೆರಚೋಕೆ. ಬೆಳಿಗ್ಗೆ ತೋಟಕ್ಕೆ ಹೋಗಿ ಬರೋ ಹೆಂಗಸಿನ ತಲೆ ಮೇಲಿನ ಕುಕ್ಕೇಲಿ ಪೆಟ್ಟಿಗೆ ಇದೆ ಅಂತ ಯಾರು ಕೇಳ್ತಾರೆ? ನಿನ್ನೆ ಪರದೆ ಹಿಂದೆ ಕೂತಿದ್ದೂ ನೀವೇ ಅಲ್ವಾ?"

ವಿಮಲಮ್ಮ ಗೋಡೆಗೊರಗಿ ಕೂತಳು. "ಹೂಂ ಕಣಮ್ಮ. ಗಂಟು ಬಂದು ಮಳೆಗಾಲ ಕಳೀತು. ಧೈರ್ಯ ಮಾಡಿ ಕೂತೆ. ಹೆಸರೂ ಹೇಳ್ದೆ. ಕೆಂಪು ದೀಪ ಬಂತು. ಆಗ ಮೈಕಿಂದು ನೆನಪಾಯ್ತು. ಯೋಗೀಶ ಬಂದು ಹಾಕಿದ್ರೆ ಊರಿಗೆಲ್ಲಾ ನನ್ನ ಧ್ವನಿ ಕೇಳುತ್ತೆ. ತಾಯಿಗೆ ಬಂದಿದ್ದು ಮಗಳಿಗೂ ಬತ್ತದೆ ಅಂತಾರೆ. ಇವಳ ಮದುವೆ ನಿಲ್ತದೆ."

"ಒಡೆದು ಹಾಕಬಹುದಿತ್ತಲ್ಲ?"

"ಹೆಂಗೊಡೀಲಿ? ಈ ಊರ ಹೆಣ್ಮಕ್ಳನ್ನ ಉಳಿಸಿರೋ ಪೆಟ್ಟಿಗೆ ಕಣಮ್ಮ ಅದು. ನಿಶ್ಚಿತಾರ್ಥ ಮುಗಿದ ಮೇಲೆ ಅಲ್ಲೇ ಇಟ್ಟು ಬರಾನ ಅಂತಿದ್ದೆ."

ಮಧುಶ್ರೀ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ. ಸಿಟ್ಟಿನಿಂದ ತಾಯಿಯ ಎದುರು ಬಂದು ನಿಂತಳು. "ಅಮ್ಮ, ನೀನೇ ಇಲ್ದೆ ನನಗೆ ಎಂಥಾ ಮದುವೆ ಅಮ್ಮ? ಮೇಡಂ, ಪೆಟ್ಟಿಗೆ ಇಳಿಸಿ. ಬೇಗ!"

* * *

ಜೀಪು ಧೂಳೆಬ್ಬಿಸಿ ಬಂತು. ಕೋಣೆಯಲ್ಲಿ ತಂತಿ ಸಿದ್ಧವಿತ್ತು. ವಿಷಯ ತಿಳಿದ ಯೋಗೀಶ ತಲೆ ಚಚ್ಚಿಕೊಂಡ. "ಅವತ್ತು ಮೈಕಲ್ಲಿ ಹಾಕಿದ್ದು ತೋರಿಸೋಕೆ ಅಂತ ನಮ್ಮಕ್ಕನ ಹತ್ರ ಹೇಳಿಸಿದ್ದು ಕಣಮ್ಮ. ನಿಮ್ಮ ಧ್ವನಿ ನನಗೂ ಕೇಳಲ್ಲ. ಅಲ್ಲಿನ ಡಾಕ್ಟರಮ್ಮ ಒಬ್ಬರಿಗೇ. ನಾನು ಬಿಡಿಸಿ ಹೇಳ್ಬೇಕಿತ್ತು."

ಸ್ವಿಚ್ ಒತ್ತಿದ. ಕೆಂಪು ದೀಪ ಹತ್ತಿತು. ಫೋನಿನೊಳಗೆ ಕೀಂ ಕರ್ರ್ ಅಂತ ಸದ್ದು. ದೀಪ ಮಿಣುಕಿತು, ಆರಿತು, ಹತ್ತಿತು. ಹಸಿರು!

ಹುಚ್ಚರಂಗಯ್ಯ ಶಿಳ್ಳೆ ಹಾಕಿದ. ಸ್ವಲ್ಪ ಹೊತ್ತಿಗೇ ಫೋನ್ ರಿಂಗಾಯಿತು. ವಿಮಲಮ್ಮ ಎತ್ತಿಕೊಂಡಳು. "ಇವತ್ತೇ ಬನ್ನಿ ಅಂತವ್ರೆ," ಎಂದಳು. ಆಮೇಲೆ ದಾನೇಶ್ವರಿಯನ್ನು ನೋಡಿದಳು. "ಜೈಲಿಗೆ ಯಾವಾಗಮ್ಮ?"

"ದೂರು ಕೊಟ್ಟೋರೂ ನೀವೇ, ಸಾಮಾನು ಸಿಕ್ಕಿದ್ದೂ ನಿಮ್ಮ ಹತ್ರಾನೇ. ಮೇಲಿನವರಿಗೆ ನಾನು ಹೇಳ್ಕೋತೀನಿ. ಜೀಪು ಹತ್ತಿ, ತುಮಕೂರಿಗೆ!"

ಹೊರಗೆ ಗುಂಪು ಗುಸುಗುಸು ಅನ್ನುತ್ತಿತ್ತು. "ಸಾಕ್ಷಿಗೆ ಕರ್ಕೊಂಡು ಹೋಗ್ತಿದೀವಿ," ಎಂದು ಹುಚ್ಚರಂಗಯ್ಯ ಸುಳ್ಳು ಶುರುಮಾಡಿದ.

"ಸಾಕ್ಷಿಗಲ್ಲ," ಎಂದಳು ವಿಮಲಮ್ಮ. ಮಗಳ ಕೈ ಗಟ್ಟಿಯಾಗಿ ಹಿಡಿದಿದ್ದಳು. ಮೈಕು ಬೇಕಿರಲಿಲ್ಲ, ಇಡೀ ಬೀದಿಗೆ ಕೇಳಿಸಿತು. "ನಂಗೆ ಎದೇಲಿ ಗಂಟೈತೆ. ತೋರಿಸೋಕೆ ಹೊಂಟಿದೀನಿ."

ಗುಂಪು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ. ಅಷ್ಟರಲ್ಲಿ ಯಾರೋ ಜೀಪಿನ ಬಾಗಿಲು ಹಿಡಿದರು. ಕೊಲ್ಲಾಪುರಮ್ಮ. ಸೆರಗನ್ನು ಎದೆಗೆ ಬಿಗಿಯಾಗಿ ಅವುಚಿಕೊಂಡಿದ್ದಳು.

"ಒಂಚೂರು ತಡೀರವ್ವ," ಎಂದಳು. "ನಾನೂ ಆ ಪೆಟ್ಟಿಗೆ ಮುಟ್ಟಿ ಬತ್ತೀನಿ."